ತಾವಾಗಿ ಬರೆಸಿದ ಹೆಸರು

ಮೊದಲ ಮಹಾಯುದ್ಧದ ನಂತರ ಯುರೋಪಿನ ಪೂರ್ವದಲ್ಲಿ ಹುಟ್ಟಿದ ಹೊಸ ದೇಶಗಳಿಗೆ ಒಂದೇ ತೊಡಕು: ಗಡಿ ಎಲ್ಲಿ ಎಳೆದರೂ ಬೇರೆ ಮಾತಿನ ಜನ ಒಳಗೆ ಉಳಿಯುತ್ತಿದ್ದರು. ಹನ್ನೊಂದು ಲಕ್ಷ ಜನರ ಎಸ್ಟೋನಿಯಾ 1925ರ ಫೆಬ್ರವರಿಯಲ್ಲಿ ಅದಕ್ಕೊಂದು ಉತ್ತರ ಕೊಟ್ಟಿತು. ಅಲ್ಪಸಂಖ್ಯಾತರ ಸಾಂಸ್ಕೃತಿಕ ಸ್ವಾಯತ್ತತೆಯ ಆ ಕಾಯ್ದೆಯಷ್ಟು ಉದಾರವಾದದ್ದು ಎರಡು ಮಹಾಯುದ್ಧಗಳ ನಡುವಿನ ಎರಡು ದಶಕಗಳಲ್ಲಿ ನನಗೆ ಬೇರೆ ಕಾಣುವುದಿಲ್ಲ.

ಕನಿಷ್ಠ 3,000 ಜನರಿರುವ ಸಮುದಾಯ ತನ್ನದೇ ಸಂಸ್ಕೃತಿ ಮಂಡಳಿಯನ್ನು ಆರಿಸಿಕೊಳ್ಳಬಹುದು. ಅದರ ಭಾಷೆಯ ಶಾಲೆಗಳ ಆಡಳಿತ ಮಂಡಳಿಯದು. ಸದಸ್ಯರ ಮೇಲೆ ತೆರಿಗೆ ಹಾಕುವ ಅಧಿಕಾರವೂ ಉಂಟು. ಯಾರು ಯಾವ ಜನಾಂಗವೆಂದು ಸರ್ಕಾರ ಹೇಳುವಂತಿಲ್ಲ. ಇಷ್ಟವಿದ್ದವರು ತಾವಾಗಿ ಹೆಸರು ಬರೆಸಬೇಕು, ಬೇಡವೆನಿಸಿದರೆ ತೆಗೆಸಬಹುದು. ಆಸ್ಟ್ರಿಯಾದ ಸಮಾಜವಾದಿಗಳಾದ ಕಾರ್ಲ್ ರೆನ್ನರ್, ಓಟೋ ಬೌವರ್ ಯುದ್ಧಕ್ಕೆ ಮೊದಲೇ ಬರೆದಿಟ್ಟ ವಿಚಾರವಿದು: ಜನಾಂಗವೆನ್ನುವುದು ನೆಲಕ್ಕಲ್ಲ, ವ್ಯಕ್ತಿಗೆ ಅಂಟಿದ್ದು.

ಇದನ್ನು ಕೊಟ್ಟವರು ಯಾರು ಎಂಬುದೂ ಮುಖ್ಯ. 1919ರ ಭೂಸುಧಾರಣೆಯಲ್ಲಿ ಎಸ್ಟೋನಿಯಾ ಸಾವಿರಕ್ಕೂ ಹೆಚ್ಚು ದೊಡ್ಡ ಜಮೀನ್ದಾರಿಗಳನ್ನು ವಶಪಡಿಸಿಕೊಂಡಿತ್ತು. ಕಳೆದುಕೊಂಡವರಲ್ಲಿ ಹೆಚ್ಚಿನವರು ಶತಮಾನಗಳ ಕಾಲ ರೈತರ ಬೆನ್ನ ಮೇಲೆ ಕೂತಿದ್ದ ಬಾಲ್ಟಿಕ್ ಜರ್ಮನ್ನರು. ಅದೇ ಜರ್ಮನ್ನರಿಗೆ ಆರು ವರ್ಷದೊಳಗೆ ಶಾಲೆಯ ಹಕ್ಕು ಕೊಡಲು ಎಸ್ಟೋನಿಯನ್ನರಿಗೆ ಮನಸ್ಸು ಬಂತು. 1924ರ ಡಿಸೆಂಬರಿನಲ್ಲಿ ಟಾಲಿನ್‌ನಲ್ಲಿ ಕಮ್ಯುನಿಸ್ಟರು ಕ್ಷಿಪ್ರಕ್ರಾಂತಿಗೆ ಯತ್ನಿಸಿ ಸೋತದ್ದು ಶಾಸನಸಭೆಯನ್ನು ಅವಸರಪಡಿಸಿತು, ನಿಜ. ಆದರೂ ಸೇಡು ನುಂಗಿಕೊಳ್ಳುವುದು ಸಣ್ಣ ಕೆಲಸವಲ್ಲ.

ಇನ್ನೂ ದೊಡ್ಡ ಗೆಲುವು ಯಹೂದಿಗಳದ್ದು. ನಾಲ್ಕೂವರೆ ಸಾವಿರದಷ್ಟಿದ್ದ ಅವರು 1926ರಲ್ಲಿ ಮಂಡಳಿ ಕಟ್ಟಿಕೊಂಡರು. ಮಕ್ಕಳಿಗೆ ಪಾಠ ಹೀಬ್ರೂದಲ್ಲೋ ಯಿಡ್ಡಿಶ್‌ನಲ್ಲೋ ಎಂದು ತಮ್ಮೊಳಗೇ ಬಿರುಸಾಗಿ ಜಗಳವಾಡಿದರು. ನನಗೆ ಈ ಜಗಳವೇ ಕಾಯ್ದೆಯ ಯಶಸ್ಸಿನ ಗುರುತು. ಹಂಗೇರಿ 1920ರಲ್ಲೇ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಪ್ರವೇಶಕ್ಕೆ ಮಿತಿ ಹಾಕಿತ್ತು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯವಾದರೋ 1934ರಲ್ಲಿ ಯಹೂದಿ ಅಧ್ಯಯನಕ್ಕೆ ಪೀಠವನ್ನೇ ತೆರೆಯಿತು.

ಅದೇ 1934ರ ಮಾರ್ಚ್‌ನಲ್ಲಿ ಸರ್ಕಾರದ ಮುಖ್ಯಸ್ಥ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಪ್ರಜಾಪ್ರಭುತ್ವದ ಬಾಯಿ ಮುಚ್ಚಿಸಿದರು. ಮಂಡಳಿಗಳು ಉಳಿದವು. 1939ರಲ್ಲಿ ಹಿಟ್ಲರನ ಕರೆಗೆ ಜರ್ಮನ್ನರು ಹಡಗು ಹತ್ತಿದರು. 1940ರಲ್ಲಿ ಸೋವಿಯತ್ ಆಡಳಿತ ಉಳಿದದ್ದನ್ನು ಅಳಿಸಿತು. ಈ ಅಂತ್ಯವನ್ನು ಕಾಯ್ದೆಯ ಸೋಲೆಂದು ಬರೆಯುವವರನ್ನು ನಾನು ಒಪ್ಪಲಾರೆ. ಅದು ಹೊರಗಿನಿಂದ ಬಂದ ಕೊಡಲಿ.

ಒಳಗಿನ ಕೊರತೆ ಬೇರೆಯೇ. ಎಲ್ಲರಿಗಿಂತ ದೊಡ್ಡ ಅಲ್ಪಸಂಖ್ಯಾತರಾಗಿದ್ದ, ಜನಸಂಖ್ಯೆಯ ಸುಮಾರು ಶೇ 8ರಷ್ಟಿದ್ದ ರಷ್ಯನ್ನರು ಮಂಡಳಿ ಕಟ್ಟಲೇ ಇಲ್ಲ. ಹೆಚ್ಚಿನವರು ಪೂರ್ವದ ಗಡಿಯ ಬಡ ರೈತರು. ಅವರೇ ತುಂಬಿದ್ದ ಹಳ್ಳಿಗಳಲ್ಲಿ ಸ್ಥಳೀಯ ಆಡಳಿತ ಅವರ ಕೈಯಲ್ಲೇ ಇತ್ತು ಎಂಬುದು ಸಾಮಾನ್ಯವಾಗಿ ಕೊಡುವ ಸಮರ್ಥನೆ. ಆ ಸಮರ್ಥನೆ ನನಗೆ ಸಾಲದು. ಊರೂರಿಗೆ ಚದುರಿದ, ಓದುಬರಹವಿದ್ದ, ಮೇಲುತೆರಿಗೆ ಕಟ್ಟಬಲ್ಲ ನಗರದ ಜನಕ್ಕೆ ಅಳತೆ ತೆಗೆದು ಹೊಲಿದ ಅಂಗಿ ಆ ಕಾಯ್ದೆ. ತುಂಡು ಹೊಲದಲ್ಲಿ ಹೊಟ್ಟೆ ಹೊರೆಯುವವನು ಅದನ್ನು ತೊಡುವುದು ಹೇಗೆ?

ಮರಳಿ ಸ್ವತಂತ್ರವಾದ ಎಸ್ಟೋನಿಯಾ 1993ರಲ್ಲಿ ಇಂಥದೇ ಕಾಯ್ದೆಯನ್ನು ಮತ್ತೆ ತಂದಿತು. ಇಂಗ್ರಿಯಾದ ಫಿನ್ನರು, ಸ್ವೀಡಿಷರು ಮಂಡಳಿ ಕಟ್ಟಿಕೊಂಡರು. ರಷ್ಯನ್ನರ ಸಂಘಗಳ ಅರ್ಜಿಗಳು ಮಾತ್ರ ತಿರಸ್ಕೃತವಾದವು.