ಚೆಂಡನ್ನು ಬಿಟ್ಟು ನೋಡಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಮಗೆ ಆಟ ನೋಡುವುದು ಹೊಸದೇನಲ್ಲ. ಕಬಡ್ಡಿ, ಕುಸ್ತಿ, ಕ್ರಿಕೆಟ್ ಎಲ್ಲಕ್ಕೂ ನಮ್ಮಲ್ಲಿ ಪಳಗಿದ ಕಣ್ಣುಗಳಿವೆ. ಅದೇ ಜನ ಫುಟ್‌ಬಾಲ್ ಮುಂದೆ ಕೂತರೆ ಹತ್ತು ನಿಮಿಷಕ್ಕೆ ಆಕಳಿಕೆ: ‘ಬರೇ ಓಡ್ಯಾಡ್ತಾರ, ಗೋಲು ಎಲ್ಲೈತಿ?’

ಕಣ್ಣು ಚೆಂಡಿಗೆ ಅಂಟಿಕೊಂಡಿರುವಷ್ಟು ಹೊತ್ತು ಹಾಗೇ ಅನಿಸುತ್ತದೆ. ತೊಂಬತ್ತು ನಿಮಿಷದ ಆಟದಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರುವುದು ಒಂದೆರಡು ನಿಮಿಷವಷ್ಟೇ. ಉಳಿದ ಹೊತ್ತು ಆತ ಏನು ಮಾಡುತ್ತಿದ್ದಾನೆ ಎಂಬುದು ಕಾಣತೊಡಗಿದರೆ ನೀವು ರಸಿಕರಾದಿರಿ ಎಂದೇ ಲೆಕ್ಕ. ಅದನ್ನು ಕಲಿಯಲು ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರಿಗಿಂತ ಒಳ್ಳೆಯ ಪಾಠ ನಮ್ಮ ರಾಜ್ಯದಲ್ಲಿ ಸಿಗಲಾರದು.

1971ರಲ್ಲಿ ಹುಟ್ಟಿದ ಚಾಪ್‌ಮನ್ 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್. ಈ ಕ್ಲಬ್ಬಿನ ಹೆಸರು ನಮ್ಮ ತಾಲ್ಲೂಕಿಗೆ ತೀರಾ ದೂರದ್ದೇನೂ ಅಲ್ಲ. 1920ರಲ್ಲಿ ಹುಟ್ಟಿದ ಅದನ್ನು ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ತಮ್ಮದೆಂದು ಅಪ್ಪಿಕೊಂಡರು. ಅದೇ ನೆಲ ಬಿಟ್ಟು ಬಂದ ಕುಟುಂಬಗಳು ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿವೆ. ಈಸ್ಟ್ ಬೆಂಗಾಲ್ ಗೆದ್ದರೆ ಕೋಲ್ಕತ್ತದ ಅಭಿಮಾನಿಗಳ ಮನೆಯಲ್ಲಿ ಇಲಿಶ್ ಮೀನು, ಎದುರಾಳಿ ಮೋಹನ್ ಬಾಗಾನ್ ಗೆದ್ದರೆ ಅವರ ಕಡೆಯವರಿಗೆ ಸಿಗಡಿ. ಕ್ಯಾಂಪಿನಲ್ಲಿ ಗೆಳೆಯರಿದ್ದರೆ ಈ ಮಾತು ತೆಗೆದು ನೋಡಿ.

ಅದೇ 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಗ್ಗುಬಡಿಯಿತು. ಅದರಲ್ಲಿ ಚಾಪ್‌ಮನ್ ಅವರದು ಹ್ಯಾಟ್ರಿಕ್. ಅವರ ಬಗ್ಗೆ ಬರೆಯುವವರು ಇದನ್ನು ಬಿಡುವುದಿಲ್ಲ. ನನಗೇನೋ ಅವರ ಆಟ ತಿಳಿಯಲು ಆ ಮೂರು ಗೋಲು ಅಷ್ಟು ಸಹಾಯ ಮಾಡುವುದಿಲ್ಲ ಅನಿಸುತ್ತದೆ. ಅವರು ಮಿಡ್‌ಫೀಲ್ಡರ್. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದಾಗ ಅವರ ಮುಂದೆ ಆಡುತ್ತಿದ್ದವರು ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ. 1996-97ರ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಜೆಸಿಟಿ ಪಾಲಾಯಿತು. ಭುಟಿಯಾ 14 ಗೋಲು ಹೊಡೆದು ಮೊದಲಿಗರಾದರು. ತುಂಗಭದ್ರಾ ಎಡದಂಡೆ ಕಾಲುವೆಯ ರೈತನಿಗೆ ಮಿಡ್‌ಫೀಲ್ಡರ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ: ತೂಬಿನ ಹತ್ತಿರ ನಿಂತು, ಯಾವ ಕಡೆ ಯಾವಾಗ ಎಷ್ಟು ನೀರು ಬಿಡಬೇಕು, ಕೊನೆ ಭಾಗದವನಿಗೆ ತಲುಪೀತೇ ಎಂದು ಲೆಕ್ಕ ಹಾಕುವವನು ಆತ.

ಈಗ ನೋಡುವ ಬಗೆ. ಆಫ್‌ಸೈಡ್ ನಿಯಮಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೋಡುತ್ತ ನೋಡುತ್ತ ತಿಳಿಯುತ್ತದೆ. ಮೊದಲ ಇಪ್ಪತ್ತು ನಿಮಿಷ ನಡುವಿನ ಒಬ್ಬ ಆಟಗಾರನನ್ನು ಆರಿಸಿಕೊಂಡು ಅವನನ್ನೇ ನೋಡಿ, ಚೆಂಡು ಎಲ್ಲೇ ಹೋಗಲಿ. ಚೆಂಡು ತನ್ನ ಕಡೆ ಬರುವ ಮುಂಚೆ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಾನೆಯೇ? ನೋಡುವವನಿಗೆ ಚೆಂಡು ಬಂದಾಗ ಹುಡುಕಾಟ ಇರುವುದಿಲ್ಲ, ಒಂದೇ ಮುಟ್ಟಿಗೆ ಮುಂದೆ ಹೋಗುತ್ತದೆ. ಪಾಸ್ ಕೊಟ್ಟ ಮೇಲೆ ನಿಲ್ಲುತ್ತಾನೋ, ಮತ್ತೆ ಖಾಲಿ ಜಾಗಕ್ಕೆ ಸರಿಯುತ್ತಾನೋ? ಚೆಂಡು ಕಳೆದುಕೊಂಡಾಗ ಕೈ ಎತ್ತಿ ರೆಫರಿಯನ್ನು ನೋಡುತ್ತಾನೋ, ಹಿಂದಕ್ಕೆ ಓಡುತ್ತಾನೋ? ಕೆಲವೊಮ್ಮೆ ಆತ ತನಗೆ ಚೆಂಡು ಬೇಕಿಲ್ಲದಿದ್ದರೂ ಓಡುತ್ತಾನೆ. ಎದುರಾಳಿಯೊಬ್ಬ ಅವನ ಬೆನ್ನು ಹತ್ತುತ್ತಾನೆ, ತೆರವಾದ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ. ಮರುದಿನದ ಪತ್ರಿಕೆಯಲ್ಲಿ ಈ ಓಟಕ್ಕೆ ಒಂದು ಸಾಲೂ ಇರುವುದಿಲ್ಲ.

ಟಿವಿ ಇದನ್ನೆಲ್ಲ ನುಂಗಿಬಿಡುತ್ತದೆ, ಕ್ಯಾಮೆರಾ ಚೆಂಡಿನ ಗುಲಾಮ. ಅದಕ್ಕೇ ಊರಿನ ಬಯಲಲ್ಲಿ ಹುಡುಗರು ಆಡುವ ಪಂದ್ಯವಾದರೂ ಸರಿ, ಗೋಲಿನ ಹಿಂದೆ ಟ್ರ್ಯಾಕ್ಟರ್ ಟ್ರಾಲಿ ಮೇಲೆ ಹತ್ತಿ ನಿಂತು ನೋಡಿ. ತಂಡ ಹಿಗ್ಗುವುದು, ಕುಗ್ಗುವುದು ಎತ್ತರದಿಂದ ಕಂಡಷ್ಟು ಗೆರೆಯ ಪಕ್ಕದಿಂದ ಕಾಣದು.

ಎಫ್‌ಸಿ ಕೊಚ್ಚಿನ್‌ಗೆ ಹೋಗಿ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದ ಚಾಪ್‌ಮನ್, ತಂಡದ ನಾಯಕರಾಗಿ 2000-01ರ ಲೀಗ್ ಗೆದ್ದುಕೊಟ್ಟರು. ದೇಶದ ತಂಡವನ್ನೂ ಮುನ್ನಡೆಸಿದ್ದರು. 2001ರಲ್ಲಿ ಆಟ ನಿಲ್ಲಿಸಿದವರು ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕಲಿಸಲು ನಿಂತರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನಿಪುರ, ದಿಲ್ಲಿಯ ಸುದೇವಾ, ಕೋಯಿಕ್ಕೋಡ್‌ನ ಕ್ವಾರ್ಟ್ಸ್. ಹೆಚ್ಚಿನವು ಆಗಿನ್ನೂ ಮೇಲೇರಲು ಹೆಣಗುತ್ತಿದ್ದ ತಂಡಗಳು. ಹೆಸರಿನ ಬಲದಿಂದ ಸಿಗುವ ಕೆಲಸಗಳಲ್ಲ ಅವು, ಹುಡುಗರನ್ನು ಮೊದಲಿಂದ ತಿದ್ದಬೇಕು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49.

ನಡುವೆ ಆಡಿದವರು ಒಳ್ಳೆಯ ಕೋಚ್ ಆಗುತ್ತಾರೆ ಎಂದು ಹಲವರು ಹೇಳುತ್ತಾರೆ. ನಿಯಮವೇನಲ್ಲ, ಆದರೂ ಕಾರಣವಿದೆ: ಇಡೀ ಬಯಲನ್ನು ತಲೆಯಲ್ಲಿ ಹೊತ್ತೇ ಅವರು ಆಡಿರುತ್ತಾರೆ. ಆಟಗಾರನಾಗಿದ್ದು ಕೋಚ್ ಆದವರಲ್ಲಿ ಬೋಸ್ನಿಯಾದ ಇವಿಚಾ ಒಸಿಮ್ ನನಗೆ ಅಚ್ಚುಮೆಚ್ಚು. ಸರಾಯೆವೊದ ಝೆಲ್ಯೆಜ್ನಿಚಾರ್ ಕ್ಲಬ್ಬಿಗೆ ಆಡಿ, ಅದಕ್ಕೇ ಕೋಚ್ ಆಗಿ, 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯಾವನ್ನು ಕ್ವಾರ್ಟರ್ ಫೈನಲ್‌ಗೆ ಒಯ್ದರು. 1992ರಲ್ಲಿ ಅವರ ಊರಿನ ಮೇಲೆ ಶೆಲ್ ಬೀಳುತ್ತಿದ್ದಾಗ ಹುದ್ದೆ ಬಿಟ್ಟರು. ಮುಂದೆ ಜಪಾನಿಗೆ ಹೋಗಿ, ಅಭ್ಯಾಸದಲ್ಲಿ ಆಟಗಾರರಿಗೆ ಹಲವು ಬಣ್ಣದ ಬನಿಯನ್ ತೊಡಿಸಿ ಆಡಿಸುವುದಕ್ಕೆ ಹೆಸರಾದರು. ಯಾರು ನಮ್ಮವರು, ಯಾರಿಗೆ ಕೊಡಬೇಕು ಎಂದು ಪ್ರತಿ ಕ್ಷಣ ತಲೆ ಎತ್ತಿ ನೋಡಲೇಬೇಕು. ಓಡುತ್ತಲೇ ಯೋಚಿಸುವುದನ್ನು ಅವರು ಹೀಗೆ ಕಾಲಿಗೆ ರೂಢಿಸುತ್ತಿದ್ದರು.

ಕೋಚ್‌ನ ಕೈಚಳಕ ಕಾಣಬೇಕೆಂದರೆ ಕೂಗಾಡುವುದನ್ನು ಅಳೆಯಬೇಡಿ, ಅದು ಕ್ಯಾಮೆರಾಕ್ಕೆ. ಗೋಲು ಬಿಟ್ಟ ಮರುಕ್ಷಣ ಆತ ಯಾರನ್ನು ಗೆರೆಯ ಹತ್ತಿರ ಕರೆಯುತ್ತಾನೆ ನೋಡಿ. ಬಹುಪಾಲು ಕರೆಸಿಕೊಂಡವನು ತಪ್ಪು ಮಾಡಿದವನಾಗಿರುವುದಿಲ್ಲ, ನಡುವಿನ ಆಟಗಾರನಾಗಿರುತ್ತಾನೆ. ವಿರಾಮದ ನಂತರ ಐದು ನಿಮಿಷ ಎದ್ದು ಹೋಗಬೇಡಿ, ಕೋಚ್ ಏನು ಹೇಳಿ ಕಳಿಸಿದ್ದಾನೆ ಎಂಬುದು ಆಗಲೇ ಕಾಣುವುದು. ಇನ್ನು ಅರವತ್ತು, ಎಪ್ಪತ್ತನೇ ನಿಮಿಷದಲ್ಲಿ ಬದಲಿ ಆಟಗಾರ ಇಳಿದಾಗ ಎಲ್ಲರೂ ಬಂದವನನ್ನು ನೋಡುತ್ತಾರೆ. ನೀವು ಉಳಿದ ಹತ್ತು ಮಂದಿ ಎಲ್ಲೆಲ್ಲಿ ಸರಿದರು ಎಂದು ನೋಡಿ.