ಅಶ್ವಕ್ರೀಡೆ ಮತ್ತು ಅಹಿಂಸಾಣುವ್ರತ: ಒಂದು ವಿಮರ್ಶೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳನ್ನು ಹೊಕ್ಕರೆ ವಿದ್ಯುತ್ ಮೋಟಾರುಗಳ ಮೇಲೆ ಒಂದು ಸಣ್ಣ ಲೋಹದ ಫಲಕ ಕಾಣುತ್ತದೆ. ಯಂತ್ರದ ಬಲ ಇಷ್ಟು ಎಚ್.ಪಿ. ಎಂದು, ಅಂದರೆ ಇಷ್ಟು ಅಶ್ವಶಕ್ತಿ ಎಂದು, ಅದರಲ್ಲಿ ಬರೆದಿರುತ್ತದೆ. ಒಂದು ಕುದುರೆ ಒಂದು ನಿಮಿಷದಲ್ಲಿ 33,000 ಅಡಿ-ಪೌಂಡುಗಳಷ್ಟು ಕೆಲಸ ಮಾಡಬಲ್ಲದೆಂದು ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ಲೆಕ್ಕ ಹಾಕಿದನು. ಇಂದಿನ ಅಳತೆಯಲ್ಲಿ ಅದು ಸುಮಾರು 746 ವಾಟ್. ಇಂದು ಕಾರ್ಖಾನೆಯಲ್ಲಿಯೂ ಇಲ್ಲ, ಅದರ ಮುಂದಿನ ಹೆದ್ದಾರಿಯಲ್ಲಿಯೂ ಕುದುರೆ ಇಲ್ಲ. ಅದರ ಹೆಸರು ಮಾತ್ರ ಫಲಕದಲ್ಲಿ ಉಳಿದಿದೆ.

ಮನುಷ್ಯನ ಜೀವನೋಪಾಯಕ್ಕೂ ದೇಶರಕ್ಷಣೆಗೂ ಕುದುರೆಯ ದುಡಿಮೆ ಅನಿವಾರ್ಯವಾಗಿದ್ದ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೂ ಅದರ ಬೆನ್ನಿನ ಜೀನು ಇಳಿದಿಲ್ಲ. ಬೆಂಗಳೂರಿನ ಉತ್ತರಕ್ಕೆ, ವಿಮಾನ ನಿಲ್ದಾಣದ ದಿಕ್ಕಿನಲ್ಲಿ, 1996ರಲ್ಲಿ ಆರಂಭವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಮೊದಲಾದ ಕಡೆಗಳಲ್ಲಿ ಕುದುರೆ ಕ್ರೀಡೆಗಾಗಿ ಪಳಗುತ್ತಿದೆ. ಮಳೆಗಾಲ ಕಳೆದು, ದೀಪಾವಳಿಯಲ್ಲಿ ವರ್ತಕರು ಹೊಸ ಖಾತೆಪುಸ್ತಕ ತೆರೆಯುವ ಹೊತ್ತಿಗೆ, ಈ ಲಾಯಗಳಲ್ಲಿಯೂ ಹೊಸ ಹಂಗಾಮಿನ ಸಿದ್ಧತೆ ಮೊದಲಾಗುತ್ತದೆ. ಸಂಜ್ಞಿ ಪಂಚೇಂದ್ರಿಯ ಜೀವಿಯೊಂದನ್ನು ಅಗತ್ಯವಿಲ್ಲದ ಕಾಲದಲ್ಲಿ ಆಟಕ್ಕಾಗಿ ದುಡಿಸುವುದು ಶ್ರಾವಕನ ದೃಷ್ಟಿಯಲ್ಲಿ ಏನಾಗುತ್ತದೆ ಎಂಬುದನ್ನು ವಿಚಾರಿಸಲು ಇದು ತಕ್ಕ ಸಮಯ.

ಗೃಹಸ್ಥನ ಜೀವನದಲ್ಲಿ ಹಿಂಸೆಯನ್ನು ಆಚಾರ್ಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಸಂಕಲ್ಪಪೂರ್ವಕ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಆದಷ್ಟು ಮಿತಗೊಳಿಸಬೇಕು. ಹಿಂದೆ ಹೊರೆ ಹೊತ್ತ ಕುದುರೆಯ ಬಳಲಿಕೆ ಉದ್ಯೋಗಿ ಹಿಂಸೆಯ ಲೆಕ್ಕಕ್ಕೆ ಬರುತ್ತಿತ್ತು. ರಣರಂಗದ ಕುದುರೆಯದು ವಿರೋಧಿ ಹಿಂಸೆಯ ಲೆಕ್ಕಕ್ಕೆ. ಕ್ರೀಡೆಯ ಕುದುರೆಗೆ ಈ ಎರಡು ಆಸರೆಗಳೂ ಇಲ್ಲ. ಪ್ರಯೋಜನವಿಲ್ಲದ ಪೀಡೆಯಿಂದ ವಿರತನಾಗಬೇಕೆಂಬ ಅನರ್ಥದಂಡವ್ರತದ ಹೊಸ್ತಿಲಿನಲ್ಲಿ ಅದು ನಿಂತಿದೆ. ಆದುದರಿಂದ ಅದರ ಲೆಕ್ಕಪರಿಶೋಧನೆ ಬೇರೆಲ್ಲ ದುಡಿಮೆಗಿಂತ ಕಠಿಣವಾಗಿರಬೇಕು.

ಕ್ರೀಡೆಯ ಸ್ವರೂಪ

ಅಶ್ವಕ್ರೀಡೆಗಳಲ್ಲಿ ಈವೆಂಟಿಂಗ್ ಎಂಬುದು ಅತ್ಯಂತ ಕಷ್ಟಕರವಾದುದು. ಸೇನೆಯ ಕುದುರೆಗಳ ಪರೀಕ್ಷೆಯಾಗಿ ಹುಟ್ಟಿದ ಇದು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆಯಿತು. ಒಂದೇ ಕುದುರೆ, ಒಬ್ಬನೇ ಸವಾರ, ಪರೀಕ್ಷೆಗಳು ಮೂರು. ಮೊದಲನೆಯದಾದ ಡ್ರೆಸಾಜ್‌ನಲ್ಲಿ ಕುದುರೆಯ ವಿಧೇಯತೆ ಮತ್ತು ನಡಿಗೆಯ ಸೌಷ್ಠವವನ್ನು ತೀರ್ಪುಗಾರರು ಅಳೆಯುತ್ತಾರೆ. ಎರಡನೆಯದಾದ ಕ್ರಾಸ್ ಕಂಟ್ರಿಯಲ್ಲಿ ಕುದುರೆ ಬಯಲು, ದಿಬ್ಬ, ನೀರುಗಳನ್ನು ದಾಟುತ್ತ, ಮರದ ದಪ್ಪ ದಿಮ್ಮಿಗಳ ಅಡೆತಡೆಗಳನ್ನು ನಿಗದಿತ ಸಮಯದೊಳಗೆ ಹಾರಬೇಕು. ಮೂರನೆಯದಾದ ಷೋ ಜಂಪಿಂಗ್‌ನಲ್ಲಿ ದಣಿದ ಕುದುರೆಗೆ ಇನ್ನೂ ಎಚ್ಚರ ಉಳಿದಿದೆಯೇ ಎಂಬ ಪರೀಕ್ಷೆ. ಕಾಲು ತಾಗಿ ಬಿದ್ದ ಪ್ರತಿ ಕಂಬಕ್ಕೂ ನಾಲ್ಕು ದಂಡಾಂಕ.

ಇಲ್ಲಿಯ ಲೆಕ್ಕ ವಿಚಿತ್ರವಾದುದು. ಜಮಾ ಎಂಬ ಅಂಕಣವೇ ಇದರಲ್ಲಿಲ್ಲ. ಮೊದಲ ದಿನದ ಕೊರತೆಯೊಂದಿಗೆ ಖಾತೆ ತೆರೆಯುತ್ತದೆ. ಆಮೇಲೆ ತಪ್ಪಿಗೂ ತಡಕ್ಕೂ ದಂಡ ಸೇರುತ್ತ ಹೋಗುತ್ತದೆ. ಅತ್ಯಂತ ಕಡಿಮೆ ಸಾಲ ಹೊತ್ತವನೇ ವಿಜಯಿ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರು ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ 26.40 ದಂಡಾಂಕಗಳೊಡನೆ ಬೆಳ್ಳಿ ಪದಕ ಪಡೆದರು. 1982ರ ದಿಲ್ಲಿ ಕೂಟದಲ್ಲಿ ರಘುಬೀರ್ ಸಿಂಗ್ ಮೊದಲಾದವರು ಗೆದ್ದ ಪದಕಗಳ ನಂತರ ಅಶ್ವಕ್ರೀಡೆಯಲ್ಲಿ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕವದು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಅವರನ್ನೊಳಗೊಂಡ ತಂಡಕ್ಕೂ ಬೆಳ್ಳಿ ಒಲಿಯಿತು. ಅನಂತರ ಗಾಯದಿಂದ ಬಹುಕಾಲ ಸ್ಪರ್ಧೆಯಿಂದ ದೂರವಿದ್ದ ಅದೇ ಕುದುರೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಮರಳಿತು, 59.60 ದಂಡಾಂಕಗಳೊಡನೆ ಸವಾರನಿಗೆ 23ನೆಯ ಸ್ಥಾನ ತಂದಿತು.

ಈ ಅಂಕಗಳೆಲ್ಲ ವಾರ್ತಾಪತ್ರಿಕೆಗಳಲ್ಲಿ ಬಂದವು. ಗಾಯಗೊಂಡ ಕುದುರೆಗೆ ಸ್ಪರ್ಧೆಯಿಲ್ಲದೆ ಕಾಲ ಕಳೆಯಲು ಅವಕಾಶ ದೊರೆತದ್ದು ಯಾವ ಅಂಕಪಟ್ಟಿಯಲ್ಲಿಯೂ ಇಲ್ಲ. ವಿಮರ್ಶಕನು ನೋಡಬೇಕಾದದ್ದು ಆ ಬರೆಯದ ಅಂಕಣವನ್ನು.

ಹಂಗಾಮಿನ ಆರಂಭ

ಆ ಅಂಕಣ ತುಂಬುವುದು ಪಂದ್ಯದ ದಿನದಂದಲ್ಲ, ಹಂಗಾಮಿನ ಮೊದಲ ವಾರಗಳಲ್ಲಿ. ವಿಶ್ರಾಂತಿಯಿಂದ ಎದ್ದ ಕುದುರೆಗಳನ್ನು ಮೊದಲು ಬರಿಯ ನಡಿಗೆಯಲ್ಲಿಯೇ ವಾರಗಟ್ಟಲೆ ನಡೆಸುವುದು ಬಲ್ಲವರ ಕ್ರಮ. ಆಮೇಲೆ ಟ್ರಾಟ್ ಎಂಬ ಕುಲುಕು ಓಟ, ಏರು ನೆಲದ ಅಭ್ಯಾಸ, ಕೊನೆಗೆ ನಡುನಡುವೆ ಬಿಡುವು ಕೊಟ್ಟು ನಾಗಾಲೋಟ. ಈ ನಿಧಾನಕ್ಕೆ ಶಾರೀರಿಕ ಕಾರಣವಿದೆ. ಕುದುರೆಯ ಹೃದಯ, ಶ್ವಾಸಕೋಶ, ಸ್ನಾಯುಗಳು ಕೆಲವು ವಾರಗಳಲ್ಲಿ ಬಲಗೊಳ್ಳುತ್ತವೆ. ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಮತ್ತು ಮೂಳೆಗಳು ಬಲಗೊಳ್ಳಲು ತಿಂಗಳುಗಳು ಬೇಕು. ಹೀಗಾಗಿ ಕಾಲು ಸಿದ್ಧವಾಗುವ ಮೊದಲೇ ಕುದುರೆ ಉತ್ಸಾಹದಿಂದ ಪುಟಿಯುತ್ತದೆ. ಅದರ ಉತ್ಸಾಹವನ್ನೇ ಸಿದ್ಧತೆಯೆಂದು ಭಾವಿಸಿದ ಯಜಮಾನನು ಅದನ್ನು ಓಡಿಸುತ್ತಾನೆ, ರಜ್ಜು ಹರಿಯುತ್ತದೆ. ಹರಿದ ರಜ್ಜು ಮಾಯಲು ಸುಮಾರು ಒಂದು ವರ್ಷ ಬೇಕಾದೀತು. ಮಾಯ್ದ ಮೇಲೂ ಅದು ಮೊದಲಿನಂತಾಗುವುದು ವಿರಳ.

ಕುದುರೆ ಓಡಲು ತಾನೇ ಇಷ್ಟಪಡುತ್ತದೆ, ಆದ್ದರಿಂದ ದೋಷವಿಲ್ಲ ಎಂಬ ವಾದಕ್ಕೆ ಇಲ್ಲಿಯೇ ಉತ್ತರವಿದೆ. ಓಡುವ ಇಚ್ಛೆ ಕುದುರೆಯದಾಗಿರಬಹುದು. ಸ್ಪರ್ಧೆಯ ತಾರೀಖು ಮನುಷ್ಯನದು. ಆ ಎರಡರ ನಡುವಿನ ಅಂತರದಲ್ಲಿ ಪ್ರಮಾದವೂ ಲೋಭವೂ ನುಸುಳುತ್ತವೆ.

ಐದು ಅತಿಚಾರಗಳ ಅಳತೆ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಸಾಕುಪ್ರಾಣಿಗಳ ವಿಷಯದಲ್ಲಿ ಅವು ಇಂದಿಗೂ ಅತ್ಯಂತ ನಿಖರವಾದ ಮಾನದಂಡ. ಕೊಲ್ಲದಿದ್ದರೆ ಸಾಕು ಎಂದುಕೊಳ್ಳುವವನು ವ್ರತವನ್ನು ಹೇಗೆ ಮಲಿನಗೊಳಿಸುತ್ತಾನೆ ಎಂಬುದನ್ನು ಅವು ತೋರಿಸುತ್ತವೆ.

ಮೊದಲನೆಯದು ಬಂಧ. ಕುದುರೆ ಬಾಯಿ ತೆರೆದು ಅಸಮ್ಮತಿ ತೋರದಂತೆ ಮೂಗಿನ ಪಟ್ಟಿಯನ್ನು ಬಿಗಿದು ಕಟ್ಟುವುದು ಡ್ರೆಸಾಜ್‌ನಲ್ಲಿ ಬಹುಕಾಲದ ದೂರು. ಹೀಗೆ ಕಟ್ಟಿ ಪಡೆದ ವಿಧೇಯತೆ ವಿಧೇಯತೆಯ ತೋರಿಕೆ ಮಾತ್ರ. ಪಟ್ಟಿಯ ಸಡಿಲವನ್ನು ಅಳೆಯಲು ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು 2025ರಲ್ಲಿ ಒಂದು ಉಪಕರಣವನ್ನು ಬಳಕೆಗೆ ತಂದಿತು.

ಎರಡನೆಯದು ವಧ, ಅಂದರೆ ಹೊಡೆತ. ಚಾವಟಿಯ ಬಳಕೆಗೆ ಕ್ರೀಡೆಯ ನಿಯಮಗಳು ಮಿತಿ ಹಾಕಿವೆ. ಆದರೆ ಮಿತಿಯಿರುವುದು ಎಲ್ಲರೂ ನೋಡುವ ಅಂಗಳದಲ್ಲಿ. ತರಬೇತಿ ನಡೆಯುವುದು ಮರೆಯಲ್ಲಿ. 2024ರಲ್ಲಿ ಬ್ರಿಟನ್ನಿನ ಡ್ರೆಸಾಜ್ ಸವಾರೆಯೊಬ್ಬರು, ಒಲಿಂಪಿಕ್ ಚಿನ್ನ ಗೆದ್ದವರು, ತರಬೇತಿಯಲ್ಲಿ ಕುದುರೆಯ ಕಾಲಿಗೆ ಪದೇ ಪದೇ ಹೊಡೆದ ಹಳೆಯ ದೃಶ್ಯ ಬಯಲಾಗಿ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿಯಬೇಕಾಯಿತು. ಅವರಿಗೆ ಒಂದು ವರ್ಷದ ನಿಷೇಧವೂ ಆಯಿತು.

ಮೂರನೆಯದು ಛೇದ. ಕುದುರೆಯ ಮೂತಿಯ ಉದ್ದ ಕೂದಲುಗಳು ಸ್ಪರ್ಶೇಂದ್ರಿಯದ ಅಂಗಗಳು. ಅಂದಕ್ಕಾಗಿ ಅವನ್ನು ಕತ್ತರಿಸುವ ರೂಢಿಯಿತ್ತು. 2021ರಿಂದ ಒಕ್ಕೂಟ ಅದನ್ನು ನಿಷೇಧಿಸಿದೆ. ನೋವು ತಿಳಿಯದಂತೆ ಕಾಲಿನ ನರ ಕತ್ತರಿಸಿದ ಕುದುರೆಗೂ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ. ಒಂದು ಕೂದಲನ್ನೂ ಇಂದ್ರಿಯಪ್ರಾಣದ ದೃಷ್ಟಿಯಿಂದ ನೋಡುವ ಈ ಸೂಕ್ಷ್ಮತೆ ಶ್ರಾವಕನಿಗೆ ಪರಿಚಿತವಾದುದೇ.

ನಾಲ್ಕನೆಯದು ಅತಿಭಾರಾರೋಪಣ. ಈವೆಂಟಿಂಗ್‌ನಲ್ಲಿ ಸವಾರನೂ ಜೀನೂ ಸೇರಿ ಕನಿಷ್ಠ 75 ಕಿಲೋ ತೂಗಬೇಕೆಂಬ ನಿಯಮ ಒಂದು ಕಾಲದಲ್ಲಿತ್ತು. ಹಗುರ ಸವಾರರು ಸೀಸದ ತೂಕಗಳನ್ನು ಹೇರಿಕೊಂಡು ಓಡಬೇಕಾಗಿತ್ತು. 1990ರ ದಶಕದ ಕೊನೆಗೆ ಅದು ರದ್ದಾಯಿತು. ಆದರೆ ಭಾರವೆಂದರೆ ತೂಕವೊಂದೇ ಅಲ್ಲ. ದೂರವೂ ವೇಗವೂ ಸ್ಪರ್ಧೆಗಳ ಸಂಖ್ಯೆಯೂ ಭಾರವೇ. 2021ರ ಆಗಸ್ಟ್ 1ರಂದು ಟೋಕಿಯೋದ ಕ್ರಾಸ್ ಕಂಟ್ರಿಯಲ್ಲಿ ಸ್ವಿಟ್ಜರ್ಲೆಂಡ್ ತಂಡದ ಜೆಟ್ ಸೆಟ್ ಎಂಬ ಕುದುರೆ ಮುಗಿತಾಯದ ಸಮೀಪದಲ್ಲಿ ಕುಂಟಿತು. ಕಾಲಿನ ಅಸ್ಥಿರಜ್ಜು ಹರಿದಿತ್ತು. ವಾಸಿಯಾಗದೆಂದು ವೈದ್ಯರು ತೀರ್ಮಾನಿಸಿ ಅದರ ಪ್ರಾಣ ತೆಗೆದರು. ಅಲ್ಲಿ ಯಾರೂ ಚಾವಟಿ ಬೀಸಿರಲಿಲ್ಲ, ನಿಯಮವನ್ನು ಮುರಿದಿರಲಿಲ್ಲ. ನಿಯಮಗಳೆಲ್ಲ ನಡೆದ ಮೇಲೂ ಉಳಿಯುವ ಹಿಂಸೆಗೆ ಇದೇ ಉದಾಹರಣೆ. ಕ್ರೀಡೆಯ ಪಕ್ಷಪಾತಿಗಳು ಇದಕ್ಕೆ ಪೂರ್ಣ ಉತ್ತರ ಕೊಟ್ಟಿಲ್ಲ. ಕೊಡಲು ಸಾಧ್ಯವೂ ಇಲ್ಲ.

ಐದನೆಯದು ಅನ್ನಪಾನನಿರೋಧ. ಕುದುರೆಯ ಜಠರದಲ್ಲಿ ಆಮ್ಲ ನಿರಂತರವಾಗಿ ಸ್ರವಿಸುತ್ತದೆ. ಸ್ವಲ್ಪಸ್ವಲ್ಪವಾಗಿ ದಿನವಿಡೀ ಮೇಯುವುದು ಅದರ ಪ್ರಕೃತಿ. ಎರಡು ಹೊತ್ತು ಹುರುಳಿಯನ್ನೋ ಧಾನ್ಯವನ್ನೋ ಇಟ್ಟು, ಹುಲ್ಲಿಲ್ಲದೆ ಗಂಟೆಗಟ್ಟಲೆ ಕಟ್ಟಿಹಾಕಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬೆವತ ಕುದುರೆಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯೂ ತಪ್ಪು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ಬಿಸಿಲಿನ ಪರಿಣಾಮವನ್ನು ಕುರಿತು ನಡೆದ ಅಧ್ಯಯನಗಳು ದಣಿದ ಕುದುರೆಯ ಮೈಮೇಲೆ ತಣ್ಣೀರು ಸುರಿಯುವುದು ಅಪಾಯವಲ್ಲ, ರಕ್ಷಣೆ ಎಂದು ತೋರಿಸಿದವು.

ಈ ಐದರ ಅಳತೆಯಲ್ಲಿ ನೋಡಿದರೆ ಈವೆಂಟಿಂಗ್ ನಿರ್ದೋಷವಲ್ಲ. ಆದರೆ ತನ್ನ ದೋಷಗಳ ಲೆಕ್ಕ ಇಡಲು ಕಲಿಯುತ್ತಿರುವ ಕ್ರೀಡೆ. ಸ್ಪರ್ಧೆಗೆ ಮೊದಲು, ಹಾಗೂ ಕ್ರಾಸ್ ಕಂಟ್ರಿ ಮುಗಿದು ಕೊನೆಯ ಜಿಗಿತದ ಪರೀಕ್ಷೆಗೆ ಹೋಗುವ ಮೊದಲು, ಪ್ರತಿ ಕುದುರೆಯನ್ನೂ ಪಶುವೈದ್ಯರ ಮತ್ತು ತೀರ್ಪುಗಾರರ ಎದುರು ನಡೆಸಿ ಓಡಿಸಿ ತೋರಿಸಬೇಕು. ಕುಂಟು ಕಂಡರೆ, ಅದು ಮುನ್ನಡೆಯಲ್ಲಿರುವ ಕುದುರೆಯಾದರೂ ಅಲ್ಲಿಗೆ ಮುಗಿಯಿತು. ಕುದುರೆಯ ಪರವಾಗಿ ಬೇಡ ಎನ್ನುವ ಅಧಿಕಾರ ಲಾಭಾಪೇಕ್ಷೆಯಿಲ್ಲದವನ ಕೈಯಲ್ಲಿರುವುದೇ ಇಲ್ಲಿಯ ಶ್ರೇಷ್ಠ ಅಂಶ. ಇಂತಹ ಸಂಬಂಧವಿಲ್ಲದಿದ್ದಲ್ಲಿ ಏನಾಗುತ್ತದೆಂಬುದನ್ನೂ ಟೋಕಿಯೋ ತೋರಿಸಿತು. ಆಧುನಿಕ ಪೆಂಟಾಥ್ಲಾನ್‌ನಲ್ಲಿ ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆಯೊಡನೆ ಸವಾರರಿಗೆ ಇಪ್ಪತ್ತು ನಿಮಿಷಗಳ ಪರಿಚಯ ಮಾತ್ರ. ಹೆದರಿ ನಿಂತ ಕುದುರೆಯನ್ನು ತರಬೇತುದಾರಳು ಗುದ್ದಿದಳು. ಲೋಕ ಸಿಡಿದೆದ್ದಿತು, 2024ರ ಪ್ಯಾರಿಸ್ ಕೂಟದ ನಂತರ ಆ ಕ್ರೀಡೆಯಿಂದ ಕುದುರೆಯನ್ನೇ ಕೈಬಿಡಲಾಯಿತು.

ಮೆರವಣಿಗೆಯ ಕುದುರೆ

ಇಷ್ಟು ವಿಮರ್ಶೆ ಮಾಡಿದ ಶ್ರಾವಕನು ಈಗ ಅದೇ ಅಳತೆಗೋಲನ್ನು ತನ್ನ ಮನೆಯಂಗಳಕ್ಕೂ ಬಸದಿಯ ಬೀದಿಗೂ ತರಬೇಕು. ಬಾಡಿಗೆ ಕುದುರೆಯ ಲೆಕ್ಕವೂ ಅಪರಿಚಿತ ಕುದುರೆಯ ಲೆಕ್ಕವೇ. ಮದುವೆಯ ದಿಬ್ಬಣಗಳಲ್ಲಿಯೂ ಪಂಚಕಲ್ಯಾಣ ಮಹೋತ್ಸವಗಳ ಮೆರವಣಿಗೆಗಳಲ್ಲಿಯೂ ಕುದುರೆಯನ್ನು ತರಿಸುವ ವಾಡಿಕೆ ಇದೆ. ಆ ಕುದುರೆಯನ್ನು ಹಿಂದಿನ ದಿನ ವೈದ್ಯರು ನೋಡಿದ್ದಾರೆಯೇ? ಕಾದ ಡಾಂಬರಿನ ಮೇಲೆ ಅದು ಎಷ್ಟು ಹೊತ್ತು ನಿಂತಿದೆ? ಬಾಯಿಯ ಕಡಿವಾಣದ ಬದಿಯಲ್ಲಿ ಹುಣ್ಣಿದೆಯೇ? ಬ್ಯಾಂಡಿನ ಅಬ್ಬರಕ್ಕೂ ಪಟಾಕಿಗೂ ಬೆದರಿದಾಗ ಲಗಾಮನ್ನು ಎಷ್ಟು ಜಗ್ಗಲಾಯಿತು? ನೀರು ಕೊಟ್ಟವರು ಯಾರು? ಬಾಡಿಗೆಯ ರಸೀದಿಯಲ್ಲಿ ಹಣದ ಮೊತ್ತವಿರುತ್ತದೆ. ಈ ಪ್ರಶ್ನೆಗಳಿಗೆ ಜಾಗವಿರುವುದಿಲ್ಲ. ಪದಕಕ್ಕಾಗಿ ಓಡುವ ಕುದುರೆಗೆ ದೊರೆಯುವ ಪರೀಕ್ಷೆ ಭಗವಂತನ ಉತ್ಸವಕ್ಕೆ ಬಂದ ಕುದುರೆಗೆ ದೊರೆಯದಿದ್ದರೆ, ಅನರ್ಥದಂಡದ ಮಾತನ್ನು ಕ್ರೀಡಾಪಟುವಿಗೆ ಹೇಳುವ ಅಧಿಕಾರ ಯಾರಿಗಿದೆ?

ಪ್ರಭಾವನೆಗಾಗಿ ಮಾಡುವ ಮೆರವಣಿಗೆ ಅನರ್ಥವಲ್ಲ ಎಂದು ಕೆಲವರು ಹೇಳಬಹುದು. ಪ್ರಭಾವನೆ ದೊಡ್ಡದೇ, ಆದರೆ ಅದು ಕುದುರೆಯಿಲ್ಲದೆಯೂ ನಡೆಯುತ್ತದೆ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರವು 1965ರಲ್ಲಿ ಮಾಡಿದ ನಿಯಮಗಳೇ ದಿನಕ್ಕೆ ಒಂಬತ್ತು ಗಂಟೆ ಮೀರಿ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸಬಾರದೆಂದೂ, ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದೆಂದೂ ಹೇಳುತ್ತವೆ. ರಾಜ್ಯದ ಕಾನೂನು ಇಲ್ಲಿಗೆ ನಿಂತರೆ ವ್ರತಿಯ ಆಚಾರ ಅದಕ್ಕಿಂತ ಮುಂದೆ ಹೋಗಬೇಕು.

ಬಸದಿಗಳ ಟ್ರಸ್ಟುಗಳು ಮುಂದಿನ ಉತ್ಸವಕ್ಕೆ ಮೊದಲು ಕೆಲವು ನಿರ್ಣಯಗಳನ್ನು ಕೈಗೊಳ್ಳಬಹುದು. ಸಾಧ್ಯವಾದಲ್ಲಿ ಕುದುರೆಯಿಲ್ಲದ ಮೆರವಣಿಗೆ. ಅನಿವಾರ್ಯವೆನಿಸಿದಲ್ಲಿ ಹಿಂದಿನ ದಿನವೇ ಪಶುವೈದ್ಯರ ಪರೀಕ್ಷೆ, ಬೆಳಗಿನ ತಂಪಿನಲ್ಲಿ ಮಾತ್ರ ನಡಿಗೆ, ದಾರಿಯಲ್ಲಿ ನೀರು ಮತ್ತು ಹುಲ್ಲು, ಪಟಾಕಿಯ ನಿಷೇಧ. ಮೆರವಣಿಗೆಯನ್ನು ಅಲ್ಲಿಗೇ ನಿಲ್ಲಿಸುವ ಅಧಿಕಾರವನ್ನು ಆ ದಿನದ ಮಟ್ಟಿಗೆ ಒಬ್ಬ ವೈದ್ಯನಿಗೆ ಕೊಡಬೇಕು. ದುಡಿಮೆ ಮುಗಿದ ಮುದಿ ಕುದುರೆಗೆ ಪಾಂಜರಾಪೋಳಗಳಲ್ಲಿ ಸ್ಥಳವಿದೆಯೇ ಎಂಬುದನ್ನೂ ವಿಚಾರಿಸಬೇಕು.

ಮೂರನೆಯ ತೀರ್ಥಂಕರ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಅದರ ಮುಂದೆ ಅಕ್ಷತೆ ಇಡುವ ಕೈಗಳೇ ಮೆರವಣಿಗೆಯ ಖರ್ಚಿನ ಪಟ್ಟಿಗೂ ಸಹಿ ಹಾಕುತ್ತವೆ. ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥ ಸ್ವಾಮಿಯೂ ಮದುವೆಯ ದಿಬ್ಬಣದಲ್ಲಿಯೇ ಹೊರಟಿದ್ದನು. ಕಟ್ಟಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿ ರಥವನ್ನು ಹಿಂತಿರುಗಿಸಿದನು. ಮುಹೂರ್ತ ಮೀರುವುದೆಂದು ಯೋಚಿಸಲಿಲ್ಲ. ಹೊಸ ಹಂಗಾಮಿನಲ್ಲಿ ಕುದುರೆಯೊಂದು ಕಾಲೆಳೆದಾಗ ಅದನ್ನು ಲಾಯಕ್ಕೆ ಮರಳಿಸುವ ಸವಾರನಿಗೂ, ಮೆರವಣಿಗೆಯ ನಡುವೆ ಕುದುರೆಯನ್ನು ಬಿಚ್ಚಿ ನೆರಳಿಗೆ ಕಳುಹಿಸುವ ಧರ್ಮಾಧಿಕಾರಿಗೂ ಆ ಹಿಂತಿರುಗುವಿಕೆಯೇ ದಾರಿ.