ಗೇಟಿನ ಹೊರಗೆ ನಿಂತ ಅವ್ವ ಮತ್ತು ನಮ್ಮ ಸಾಹಿತ್ಯ

ನಾವು ಮೂರು ಬರಹಗಳನ್ನು ಮುಂದಿಟ್ಟುಕೊಂಡು ಕೂತಿದ್ದೇವೆ. ಒಂದು, ಹಾಸನದ ಒಂದು ಗಾರ್ಮೆಂಟ್ಸ್ ಗೇಟಿಗೆ ತಗುಲಿಹಾಕಿದ್ದ ಬೋರ್ಡು: ‘ಟೈಲರ್‌ಗಳು ಬೇಕಾಗಿದ್ದಾರೆ. ವಯಸ್ಸು 18ರಿಂದ 35.’ ಎರಡು, ನಮ್ಮವ್ವನ ರಾಜೀನಾಮೆ ಪತ್ರ. ಐದು ಸಾಲು, ಕೆಳಗೆ ಸೊಟ್ಟ ಸಹಿ. ಮೂರು, ನಾವೇ ಬರೆದ ಒಂದು ಕವಿತೆ. ವಿಮರ್ಶೆಯೆಂದರೆ ಅಚ್ಚಾದ ಪುಸ್ತಕದ ಮೇಲೆ ಬರೆಯುವುದು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟರು. ನಮ್ಮ ಜನರ ಅನ್ನವನ್ನು ಆಳುವ ಬರಹಗಳು ಮಾತ್ರ ಗೇಟಿನ ಮೇಲೂ ಫೈಲಿನೊಳಗೂ ಇವೆ. ಅವನ್ನೂ ಓದಬೇಕು. ಅವುಗಳ ಪಕ್ಕದಲ್ಲಿಟ್ಟು ನಮ್ಮ ಜಿಲ್ಲೆಯ ಸಾಹಿತ್ಯವನ್ನೂ ಓದಬೇಕು.

ಮೊದಲು ಸಂಗತಿ ಹೇಳಿಬಿಡುತ್ತೇವೆ. ಹೊಳೆನರಸೀಪುರ ತಾಲ್ಲೂಕಿನ ಒಂದು ಊರಿನ ಹೊಲೆಗೇರಿಯವರು ನಾವು. ಅವ್ವ 11 ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಳು. ಕತ್ತಲಲ್ಲೇ ಎದ್ದು ಮುದ್ದೆ ತೊಳಸಿಟ್ಟು ಕಂಪನಿ ಬಸ್ಸು ಹತ್ತುತ್ತಿದ್ದಳು. ಆ ಸಂಬಳದಲ್ಲೇ ನಮ್ಮ ಬಿ.ಎ. ಮುಗಿಯಿತು; ನಮ್ಮ ವಂಶದಲ್ಲಿ ಡಿಗ್ರಿ ಅಂತ ಆದದ್ದು ಅದೇ ಮೊದಲು. 2023ರ ಮಳೆಗಾಲದಲ್ಲಿ, ಆರ್ಡರ್ ಇಲ್ಲ ಎಂದು ಎರಡು ಲೈನು ನಿಲ್ಲಿಸಿದರು. ಅವ್ವನಿಗೆ ಆಗ 46 ವರ್ಷ.

ಆಮೇಲೆ ಕೆಲಸ ಹುಡುಕುವ ಕೆಲಸ ಶುರುವಾಯಿತು. ಹಾಸನದಲ್ಲೇ ಇನ್ನೊಂದು ಗೇಟಿನೊಳಗೆ ಟ್ರಯಲ್ ತೆಗೆದುಕೊಂಡರು. ಅವ್ವ ಹೊಲಿದು ಕೊಟ್ಟ ತುಂಡನ್ನು ತಿರುಗಿಸಿ ನೋಡಿದ ಸೂಪರ್‌ವೈಸರ್ ‘ಕೈ ಚೆನ್ನಾಗೈತೆ’ ಅಂದ. ಆಧಾರ್ ಕಾರ್ಡು ನೋಡಿದ ಮೇಲೆ, ‘ಅಮ್ಮಾ, ಮಗಳಿದ್ರೆ ಕಳ್ಸಿ’ ಅಂದ. ಚನ್ನರಾಯಪಟ್ಟಣದಲ್ಲಿ ಟೈಲರ್ ಕೆಲಸ ಇಲ್ಲ, ಹೆಲ್ಪರ್ ಆಗಿ ಬಾ, ದಿನಪೂರ್ತಿ ನಿಂತಿರಬೇಕು, ಸಂಬಳ ಕಮ್ಮಿ ಅಂದರು. ಅವ್ವನ ಮಂಡಿ ಒಂದು ತಿಂಗಳು ತಡೆಯಿತು. ಅರಕಲಗೂಡಿನ ಕಡೆ, ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ಸೀಮೆಯಲ್ಲಿ, ಸೊಪ್ಪು ವಿಂಗಡಿಸುವ ಕೂಲಿಗೆ ಹೋದಳು. ಸೀಜನ್ನು ಮುಗಿಯಿತು, ಕೂಲಿಯೂ ಮುಗಿಯಿತು. ಕೊನೆಗೆ ಊರಿನ ಗೌಡರ ಹೊಲದ ಬದುವಿನ ಮೇಲೆ ಹೋಗಿ ನಿಂತಳು. ಹನ್ನೊಂದು ವರ್ಷ ಆ ಬದು ತುಳಿದಿರಲಿಲ್ಲ. ಗೌಡರು ಬೈಯಲಿಲ್ಲ, ಹಂಗಿಸಲಿಲ್ಲ. ‘ಬಂದ್ಯಾ?’ ಅಂದರು, ಅಷ್ಟೇ.

ಗೆಳೆಯರೆ, ಈ ‘ಬಂದ್ಯಾ’ ಎಂಬ ಒಂದು ಮಾತಿನಲ್ಲಿ ಎಷ್ಟು ಶತಮಾನ ಇದೆ ನೋಡಿ. ಕೆಲಸ ಹೋದ ಮೇಲ್ಜಾತಿಯ ನೌಕರ ಮನೆಗೆ ಹೋಗುತ್ತಾನೆ, ತೋಟಕ್ಕೆ ಹೋಗುತ್ತಾನೆ, ನಾಲ್ಕು ತೆಂಗಿನಮರದ ನೆರಳಾದರೂ ಇರುತ್ತದೆ. ಕೇರಿಯ ಹೆಂಗಸು ಕೆಲಸ ಕಳೆದುಕೊಂಡರೆ ವಾಪಸ್ಸು ಹೋಗುವುದು ಯಾರ ಹೊಲದಿಂದ ತಪ್ಪಿಸಿಕೊಂಡು ಬಂದಿದ್ದಳೋ ಅದೇ ಹೊಲಕ್ಕೆ. ಕಾರ್ಖಾನೆ ಸ್ವರ್ಗವೇನಲ್ಲ. ಅಲ್ಲಿ ಬೈಗುಳ ಇತ್ತು, ಟಾರ್ಗೆಟ್ ಇತ್ತು, ಉಚ್ಚೆಗೆ ಹೋಗಲೂ ಟೋಕನ್ ಇತ್ತು. ಆದರೂ ತಿಂಗಳ ಸಂಬಳ ಅವ್ವನ ಹೆಸರಿನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಅದಕ್ಕಾಗಿ ಯಾರ ಹಿತ್ತಲಲ್ಲೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ವಯಸ್ಸಿನ ಹೆಸರಲ್ಲಿ ಕಿತ್ತುಕೊಂಡದ್ದು ಇದನ್ನೂ ಸೇರಿಸಿ.

ಈಗ ಬೋರ್ಡನ್ನು ಓದೋಣ. 35 ದಾಟಿದವರು ಬೇಡ ಎನ್ನುವ ಬೋರ್ಡಿಗೆ ಸರ್ಕಾರದ ಲೆಕ್ಕ ಎದುರಿಟ್ಟು ನೋಡಿ. ಹತ್ತು ವರ್ಷ ಪಿ.ಎಫ್. ಕಟ್ಟಿದವರಿಗೆ ಪೂರಾ ಪಿಂಚಣಿ 58ಕ್ಕೆ; ಕಡಿತ ಮಾಡಿಸಿಕೊಂಡು ಮೊದಲೇ ಬೇಕೆಂದರೂ 50 ತುಂಬಬೇಕು. ಸಂಧ್ಯಾ ಸುರಕ್ಷಾಕ್ಕೆ 65 ಆಗಬೇಕು. ಅಂದರೆ 46ರ ಹೆಂಗಸು ಗೇಟಿಗೆ ಮುದುಕಿ, ಪಿಂಚಣಿಗೆ ಹುಡುಗಿ. ನಡುವಿನ ವರ್ಷಗಳಲ್ಲಿ ಅವಳು ಏನು ತಿನ್ನಬೇಕು ಎಂದು ಯಾವ ಕಚೇರಿಯೂ ಬರೆದಿಟ್ಟಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತ್ತು. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮ ಹಿಂತೆಗೆಯಿತು. ಆ ಸಿಟ್ಟಿನ ಹಿಂದೆ ಇದ್ದದ್ದು ಇದೇ ಲೆಕ್ಕ: ನಲವತ್ತಕ್ಕೆ ಹೊರಗೆ ಹಾಕುವವರ ಊರಿನಲ್ಲಿ ಐವತ್ತೆಂಟಕ್ಕೆ ಕಾಯಿ ಎಂದರೆ ಯಾರು ಕಾಯುತ್ತಾರೆ? ಕನ್ನಡದ ದುಡಿಯುವ ಹೆಂಗಸರು ಒಟ್ಟಾಗಿ ಬರೆದ ಬಹುದೊಡ್ಡ ಪ್ರತಿಭಟನೆಯ ಪದ್ಯ ಅದು. ನಮ್ಮ ಎಷ್ಟು ಜನ ಕವಿಗಳು ಅದನ್ನು ಓದಿಕೊಂಡೆವು?

ಎರಡನೆಯ ಬರಹ ರಾಜೀನಾಮೆ ಪತ್ರ. ‘ನನ್ನ ಸ್ವಂತ ಕಾರಣಗಳಿಂದ, ಸ್ವಇಚ್ಛೆಯಿಂದ’ ಎಂದು ಶುರುವಾಗುತ್ತದೆ. ಅವ್ವ ಜನ್ಮದಲ್ಲಿ ‘ಸ್ವಇಚ್ಛೆ’ ಎಂಬ ಮಾತು ಆಡಿದವಳಲ್ಲ. ಕಚೇರಿಯ ಹುಡುಗ ಬರೆದುಕೊಟ್ಟ, ‘ಸೈನ್ ಹಾಕ್ಬುಡಿ, ದುಡ್ಡು ಬೇಗ ಬತ್ತದೆ’ ಅಂದ, ಅವ್ವ ಹಾಕಿದಳು. ಈ ಐದು ಸಾಲಿನ ಕೃತಿ ಏನು ಮಾಡುತ್ತದೆ ಗೊತ್ತೆ? 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಒಂದು ವರ್ಷವಾದರೂ ದುಡಿದ ಕಾರ್ಮಿಕಳನ್ನು ಕೆಲಸ ಕಮ್ಮಿಯಾಯಿತೆಂದು ತೆಗೆದರೆ ಒಂದು ತಿಂಗಳ ನೋಟಿಸು ಕೊಡಬೇಕಿತ್ತು, ಇಲ್ಲವೇ ಆ ತಿಂಗಳ ಸಂಬಳ. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕಿತ್ತು. ಕೊನೆಗೆ ಬಂದವರನ್ನು ಮೊದಲು ತೆಗೆಯುವುದು ವಾಡಿಕೆಯ ನಿಯಮ. ಮತ್ತೆ ಆಳು ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕಿತ್ತು. ಅಂದರೆ ಹಳಬರಿಗೆ ಕಾನೂನೇ ಬೆನ್ನಿಗಿತ್ತು. ಆದರೆ ತಾನಾಗಿ ಬಿಟ್ಟು ಹೋದವರಿಗೆ ಇದಾವುದೂ ಇಲ್ಲ. ಗ್ರಾಚ್ಯುಯಿಟಿ ಒಂದು ಸಿಗುತ್ತದೆ, ಅದೂ 5 ವರ್ಷ ತುಂಬಿದ್ದರೆ. ‘ಸ್ವಇಚ್ಛೆ’ ಎಂಬ ಒಂದೇ ಶಬ್ದ ಅಷ್ಟನ್ನೂ ನುಂಗಿತು. ಶಬ್ದಕ್ಕೆ ಶಕ್ತಿ ಇದೆಯೇ ಎಂದು ಕಾವ್ಯಮೀಮಾಂಸೆಯ ತರಗತಿಯಲ್ಲಿ ಕೇಳುತ್ತಿದ್ದರು. ಇದೆ ಎಂದು ಈಗ ನಮಗೆ ಗೊತ್ತು.

ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ತೆಗೆದವರನ್ನು ಮೊದಲು ಕರೆಯಬೇಕೆಂಬ ಹಕ್ಕು ಈಗ ಒಂದು ವರ್ಷಕ್ಕೆ ಸೀಮಿತ. ಕಾರ್ಮಿಕರನ್ನು ತೆಗೆಯಲು ಸರ್ಕಾರದ ಮುಂಗಡ ಅನುಮತಿ ಬೇಕಾಗಿದ್ದದ್ದು 100 ಜನರಿರುವ ಕಾರ್ಖಾನೆಗೆ; ಈಗ 300 ಜನರಿದ್ದರೆ ಮಾತ್ರ. ಹಳಬರ ಬೆನ್ನಿಗಿದ್ದ ಗೋಡೆ ಇನ್ನೂ ತೆಳುವಾಯಿತು.

ಇನ್ನು ಸಾಹಿತ್ಯ. ಈ ನಾಲ್ಕು ತಾಲ್ಲೂಕುಗಳ ಹೆಸರು ಕನ್ನಡದಲ್ಲಿ ಸಣ್ಣದಲ್ಲ. ಹೇಮಾವತಿ ದಂಡೆಯ ಗೊರೂರಿನಿಂದ ರಾಮಸ್ವಾಮಿ ಅಯ್ಯಂಗಾರರು ಬಂದರು. ಪ್ರಗತಿಶೀಲ ಚಳವಳಿಯ ಮುಂದಾಳು ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ ಊರು. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಇವರ ನಡುವೆ ನಮ್ಮವ್ವ ಎಲ್ಲಿದ್ದಾಳೆ?

ಗೊರೂರರ ‘ಹಳ್ಳಿಯ ಚಿತ್ರಗಳು’ ನಮ್ಮನ್ನು ನಗಿಸುತ್ತದೆ. ಆ ನಗು ಕಪಟದ ನಗುವಲ್ಲ. ಆದರೆ ಜಗಲಿಯ ಮೇಲೆ ಕೂತವರು ನೋಡಿದ ಹಳ್ಳಿ ಅದು. ಜಗಲಿಯಿಂದ ಕೇರಿ ಕಾಣುತ್ತದೆ, ಕೇರಿಯೊಳಗಿನ ಒಲೆ ಕಾಣುವುದಿಲ್ಲ. ಅ.ನ.ಕೃ. ಮತ್ತು ಅವರ ಗೆಳೆಯರು ಸಮಾಜ ತಳ್ಳಿದವರನ್ನು ಸಾಹಿತ್ಯದೊಳಕ್ಕೆ ಕರೆದರು, ಆ ಬಾಗಿಲು ತೆರೆದ ಋಣ ನಮ್ಮ ಮೇಲೂ ಇದೆ. ಆದರೆ ಅನುಕಂಪದ ಬೆಳಕಿನಲ್ಲಿ ನಿಂತವರು ಬಾಯಿ ಬಿಟ್ಟು ಲೆಕ್ಕ ಕೇಳುವುದು ಕಡಿಮೆ.

ಭೈರಪ್ಪನವರ ನಿಲುವುಗಳ ಜೊತೆ ನಮ್ಮ ಜಗಳ ಇದೆ, ಅವರು ತೀರಿಕೊಂಡ ಮಾತ್ರಕ್ಕೆ ಅದು ಮುಗಿಯುವಂಥದ್ದಲ್ಲ. ಆದರೆ ಕೊಡಬೇಕಾದ್ದನ್ನು ಕೊಡಬೇಕು. 1970ರ ‘ಗೃಹಭಂಗ’ದ ನಂಜಮ್ಮನನ್ನು ನೋಡಿ. ಗಂಡ ಶಾನುಭೋಗ, ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ಹೊರೆಯುವವಳೂ ಅವಳೇ. ಬರಹ ಅವಳದು, ಹುದ್ದೆ ಗಂಡನದು. ಹೆಣ್ಣಿನ ಕಸುಬಿಗೆ ಕಾಗದದ ಮೇಲೆ ಹೆಸರಿಲ್ಲ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಕಾದಂಬರಿ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ನಮ್ಮವ್ವನ ಪತ್ರದಲ್ಲಿ ಇದು ತಲೆಕೆಳಗಾಗಿದೆ: ಹೆಸರು ಅವಳದು, ಬರಹ ಕಂಪನಿಯದು. ಬ್ರಾಹ್ಮಣರ ಮನೆಯ ನಂಜಮ್ಮ ಬರೆದರೂ ಹೆಸರು ಸಿಗಲಿಲ್ಲ. ಕೇರಿಯ ಹೆಂಗಸಿಗೆ ಹೆಸರು ಸಿಕ್ಕಿದ್ದು ಹಕ್ಕು ಬಿಟ್ಟುಕೊಡುವ ಕಾಗದದ ಕೆಳಗೆ. ಎರಡನ್ನೂ ಒಟ್ಟಿಗೆ ಓದಿದಾಗ ಜಾತಿ ಎಲ್ಲಿ ಬೇರೆಯಾಗುತ್ತದೆ, ಹೆಣ್ಣಿನ ದುಡಿಮೆ ಎಲ್ಲಿ ಒಂದಾಗುತ್ತದೆ ಎಂಬುದು ಕಾಣುತ್ತದೆ.

ಬಾನು ಮುಷ್ತಾಕ್ ಬಂಡಾಯದವರೇ, ನಮ್ಮವರೇ. ಅವರ ‘ಕರಿ ನಾಗರಗಳು’ ಕತೆಯಲ್ಲಿ ಗಂಡ ಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮುತವಲ್ಲಿಯ ಮುಂದೆ ನ್ಯಾಯ ಕೇಳುತ್ತಾಳೆ. ಗಿರೀಶ ಕಾಸರವಳ್ಳಿ ಇದನ್ನೇ ‘ಹಸೀನಾ’ ಎಂದು ಸಿನಿಮಾ ಮಾಡಿದರು. ಬಾಗಿಲಲ್ಲಿ ಕಾಯುವುದು ಎಂದರೇನು ಎಂಬುದನ್ನು ಈ ಕತೆ ಬಲ್ಲದು. ಒಳಗಿನವರಿಗೆ ಅವಸರವಿಲ್ಲ, ಹೊರಗಿನವಳಿಗೆ ಹೊತ್ತಿಲ್ಲ. ನಮ್ಮ ಗೇಟಿನ ಕತೆ ಬರೆಯುವವರು ಕಲಿಯಬೇಕಾದ್ದು ಇಲ್ಲಿಂದ.

ದೇವನೂರರ ‘ಒಡಲಾಳ’ದ ಸಾಕವ್ವನನ್ನೂ ನೆನೆಯಬೇಕು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಆ ಮುದುಕಿ ಕರುಣೆ ಬೇಡುವುದಿಲ್ಲ, ತನ್ನ ಹುಂಜ ಬೇಡುತ್ತಾಳೆ. ವಯಸ್ಸಾದ ದಲಿತ ಹೆಣ್ಣನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಅದು ಅಳತೆಗೋಲು.

ಈಗ ನಮ್ಮ ಮೇಲೆ ನಾವೇ ಬೆರಳು ತೋರಿಸಿಕೊಳ್ಳುವ ಹೊತ್ತು. ಮೂರನೆಯ ಬರಹ ನಮ್ಮ ಕವಿತೆ. 1975ರ ‘ಹೊಲೆಮಾದಿಗರ ಹಾಡು’, 1979ರ ಬೆಂಗಳೂರಿನ ಬಂಡಾಯ ಸಮಾವೇಶ, ಇವುಗಳ ಉಸಿರಿನಲ್ಲಿ ಬೆಳೆದ ನಾವು ಕಾರ್ಮಿಕರ ಮೇಲೆ ಪದ್ಯ ಬರೆದೆವು. ಅದರಲ್ಲಿ ಕೆಂಡ ಇತ್ತು, ಸೈರನ್ ಇತ್ತು, ಎತ್ತಿದ ಮುಷ್ಟಿ ಇತ್ತು. ಹಾಸನದ ಒಂದು ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆವು. ಅವಳು ಪೂರ್ತಿ ಕೇಳಿ, ‘ಚೆನ್ನಾಗೈತೆ ಕಣ್ ಮಗ. ಇದ್ರಲ್ಲಿ ಎಲ್ಲಾರೂ ಗಟ್ಟಿಮುಟ್ಟಾಗವ್ರೆ. ಸೂಜಿ ಕಣ್ಣು ಕಾಣ್ದೆ ಇರೋರು ಯಾರೂ ಇಲ್ವಲ್ಲ’ ಅಂದಳು.

ಇದಕ್ಕಿಂತ ಒಳ್ಳೆಯ ವಿಮರ್ಶೆ ನಮ್ಮ ಕಾವ್ಯಕ್ಕೆ ಬಂದಿಲ್ಲ. ನಮ್ಮ ಪದ್ಯದ ಕಾರ್ಮಿಕನಿಗೂ ಗೇಟಿನ ಬೋರ್ಡಿನ ಕಾರ್ಮಿಕನಿಗೂ ಒಂದೇ ವಯಸ್ಸು! 18ರಿಂದ 35. ಬಂಡವಾಳಶಾಹಿ ಬಯಸುವ ತೋಳನ್ನೇ ನಾವೂ ಹಾಡುತ್ತಾ ಬಂದೆವು. ಅದು ದಣಿದ ಮೇಲೆ, ಕನ್ನಡಕ ಬೇಕಾದ ಮೇಲೆ, ಮಂಡಿ ಹಿಡಿದ ಮೇಲೆ, ಅವರು ಲೈನಿನಿಂದ ತೆಗೆದರು. ನಾವು ಸಾಲಿನಿಂದ ತೆಗೆದೆವು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು; ಅಲ್ಲಿ ಆಳಕ್ಕಿಳಿಯುತ್ತಿದ್ದವರಲ್ಲಿ ಬಹುಪಾಲು ದಲಿತರು. 2020ರ ಜೂನಿನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸಿನಲ್ಲಿ ಸುಮಾರು 1,300 ಜನರ ಕೆಲಸ ಹೋಯಿತು. ಅವರು ವಾರಗಟ್ಟಲೆ ಗೇಟಿನ ಮುಂದೆ ಕೂತರು. ಹೋರಾಟದ ದಿನದ ಮೇಲೆ ಪದ್ಯ ಹುಟ್ಟುತ್ತದೆ. ಹೋರಾಟ ಮುಗಿದ ಮರುವರ್ಷ, ಇನ್ನೊಂದು ಊರಿನ ಗೇಟಿನಲ್ಲಿ ಆಧಾರ್ ಕಾರ್ಡು ತೋರಿಸಲು ಹಿಂಜರಿಯುವ ಕೈಯ ಮೇಲೆ ಹುಟ್ಟುವುದಿಲ್ಲ. ಆ ಕೈ ಎತ್ತಿದ ಮುಷ್ಟಿಯಲ್ಲ ಎಂಬುದೇ ನಮ್ಮ ಅಡ್ಡಿ.

ಘೋಷಣೆ ಬೇಡ ಎಂದು ನಾವು ಹೇಳುತ್ತಿಲ್ಲ. ನವ್ಯರು ಹೇಳಿದ ಆ ಮಾತನ್ನು ಅವರಿಗೇ ಬಿಡೋಣ. ಘೋಷಣೆ ಕೂಗುವವರಿಗೆ ಕೂಡ ವಯಸ್ಸಾಗುತ್ತದೆ ಎಂಬುದನ್ನು ನಮ್ಮ ಕಾವ್ಯ ಕಲಿಯಬೇಕು ಎನ್ನುತ್ತಿದ್ದೇವೆ. ಕಸುಬಿನ ಜ್ಞಾನ ವಯಸ್ಸಿನೊಂದಿಗೆ ಬೆಳೆಯುತ್ತದೆ. ಹನ್ನೊಂದು ವರ್ಷ ಕಾಲರ್ ಹೊಲಿದ ಕೈಗೆ ಬಟ್ಟೆ ಮುಟ್ಟಿದರೆ ಸಾಕು, ಎಳೆ ಎತ್ತ ಜಗ್ಗುತ್ತದೆಂದು ಗೊತ್ತು. ಪಂಡಿತನ ನರೆಗೂದಲಿಗೆ ‘ಅನುಭವ’ ಎನ್ನುವ ಸಮಾಜ ಅವ್ವನ ನರೆಗೂದಲಿಗೆ ‘ವಯಸ್ಸಾಯ್ತು’ ಎನ್ನುತ್ತದೆ. ಈ ಎರಡು ಶಬ್ದಗಳ ನಡುವಿನ ಮೋಸವನ್ನು ಬಯಲಿಗೆಳೆಯುವುದು ಕವಿಯ ಕೆಲಸ ಅಲ್ಲದಿದ್ದರೆ ಇನ್ಯಾರ ಕೆಲಸ?

ಈ ಪತ್ರಿಕೆ ಓದುವ ಮೇಷ್ಟರುಗಳಲ್ಲಿ, ವಿದ್ಯಾರ್ಥಿಗಳಲ್ಲಿ, ಸಂಘಟನೆಯ ಗೆಳೆಯರಲ್ಲಿ ನಮ್ಮದೊಂದು ಮನವಿ. ನಿಮ್ಮ ಊರಿನ ಗಾರ್ಮೆಂಟ್ಸ್ ಹೆಂಗಸರಿಗೆ ಒಂದು ಮಾತು ಹೇಳಿ: ಕಾಗದವನ್ನು ಮನೆಗೆ ತಂದು ಓದಿಸದೆ ಸಹಿ ಹಾಕಬೇಡಿ. ‘ಸ್ವಇಚ್ಛೆ’ ಎಂಬ ಶಬ್ದ ಕಂಡರೆ ಪೆನ್ನು ಕೆಳಗಿಡಿ. ತೆಗೆಯುವುದಾದರೆ ‘ತೆಗೆದಿದ್ದೇವೆ’ ಎಂದು ಅವರೇ ಬರೆದುಕೊಡಲಿ. ನಾವು ಡಿಗ್ರಿ ಓದಿದವರು. ನಮ್ಮವ್ವ ಸಹಿ ಹಾಕಿದ ದಿನ ನಾವು ಹಾಸನದಲ್ಲೇ ಇದ್ದೆವು, ಕವಿಗೋಷ್ಠಿಯಲ್ಲಿ. ಆ ಐದು ಸಾಲು ಓದಲು ನಮಗೆ ಎರಡು ನಿಮಿಷ ಸಾಕಿತ್ತು.

ಅವ್ವ ಈಗಲೂ ಗೌಡರ ಹೊಲಕ್ಕೆ ಹೋಗುತ್ತಾಳೆ. ಸೋಮವಾರ ಮಾತ್ರ ಹೋಗುವುದಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಳೆಯ ಐ.ಡಿ. ಕಾರ್ಡು ಚೀಲಕ್ಕೆ ಹಾಕಿಕೊಂಡು, ಹಾಸನದ ಬಸ್ಸು ಹತ್ತುತ್ತಾಳೆ. ಆಳು ತೆಗೆದುಕೊಳ್ಳುವುದು ಸೋಮವಾರವಂತೆ.